ಲೂಕ 18ರ ವಿಧವೆ ಕೇಳಿದ್ದು ಏನು? ನಮ್ಮ ಪ್ರಾರ್ಥನಾ ಕೂಟಗಳ ಬಗ್ಗೆ ಮಾತಾಡೋಣ

ಗದಗಿನ ಟೀಚರ್

ಎಲ್ಲರಿಗೂ ವಂದನೆಗಳು. ಲೂಕನ ಸುವಾರ್ತೆ 18ನೇ ಅಧ್ಯಾಯದ ಮೊದಲ ಎಂಟು ವಚನಗಳನ್ನು ನಮ್ಮ ಉಪವಾಸ ಪ್ರಾರ್ಥನೆಗಳಲ್ಲಿ ಎಷ್ಟು ಸಲ ಓದಿದ್ದೇವೋ ಲೆಕ್ಕವಿಲ್ಲ. ಒಂದು ಊರಿನಲ್ಲಿ ಒಬ್ಬ ನ್ಯಾಯಾಧಿಪತಿ. ಅವನಿಗೆ ದೇವರ ಭಯವೂ ಇಲ್ಲ, ಜನರ ಮುಲಾಜೂ ಇಲ್ಲ. ಅದೇ ಊರಿನ ಒಬ್ಬ ವಿಧವೆ ಅವನ ಹತ್ತಿರ ಮತ್ತೆ ಮತ್ತೆ ಬರುತ್ತಾಳೆ. ಕೊನೆಗೆ ಅವನು, ಇವಳ ಕಾಟ ಸಾಕಾಯಿತು, ನ್ಯಾಯ ತೀರಿಸಿಬಿಡುತ್ತೇನೆ ಅಂದುಕೊಳ್ಳುತ್ತಾನೆ. ಬೇಸರಪಡದೆ ಯಾವಾಗಲೂ ಪ್ರಾರ್ಥಿಸಬೇಕು ಎಂದು ತೋರಿಸಲು ಯೇಸುಸ್ವಾಮಿ ಈ ಸಾಮ್ಯ, ಅಂದರೆ ಬೋಧನೆಯ ಕಥೆ, ಹೇಳಿದರು ಅಂತ ಲೂಕನೇ ಮೊದಲ ಸಾಲಿನಲ್ಲಿ ಬರೆದಿದ್ದಾನೆ.

ಇದರ ಮೇಲೆ ನಾವು ಕೇಳುವ ಪ್ರಸಂಗ ಹೆಚ್ಚಾಗಿ ಒಂದೇ ಥರ ಇರುತ್ತದೆ. ಬಿಡದೆ ಕೇಳಿ, ಸಿಗುತ್ತದೆ. ಕೆಲಸ, ವೀಸಾ, ಸೈಟು, ಮಗಳ ಮದುವೆ. ಇವನ್ನೆಲ್ಲ ದೇವರ ಹತ್ತಿರ ಕೇಳಬಾರದು ಅಂತ ನಾನು ಹೇಳುತ್ತಿಲ್ಲ. ತಂದೆಯ ಹತ್ತಿರ ಮಕ್ಕಳು ಏನು ಬೇಕಾದರೂ ಕೇಳಬಹುದು. ಆದರೆ ಆ ವಿಧವೆ ಕೇಳಿದ್ದು ಇದ್ಯಾವುದನ್ನೂ ಅಲ್ಲ. ನನ್ನ ಎದುರಾಳಿಯ ವಿರುದ್ಧ ನನಗೆ ನ್ಯಾಯ ಕೊಡಿಸಿ, ಇಷ್ಟೇ ಅವಳ ಮಾತು. ಅಂದರೆ ಯಾರೋ ಅವಳದ್ದನ್ನು ಕಿತ್ತುಕೊಂಡಿದ್ದಾರೆ. ಹೊಲವೋ, ಮನೆಯೋ, ಗಂಡ ಬಿಟ್ಟುಹೋದ ಹಣವೋ, ಸಾಮ್ಯ ಹೇಳುವುದಿಲ್ಲ. ಜೊತೆಗೆ ಯಾರೂ ಇಲ್ಲದೆ ಒಬ್ಬಳೇ ಬರುತ್ತಾಳೆ. ಅವಳ ಪರ ನಾಲ್ಕು ಮಾತಾಡುವವರು ಆ ಊರಿನಲ್ಲಿ ಇದ್ದಿದ್ದರೆ ಅವಳು ಅಷ್ಟು ಸಲ ಬರಬೇಕಾಗುತ್ತಿತ್ತಾ?

ಇದೇ ಸುವಾರ್ತೆಯಲ್ಲಿ ಎರಡು ಅಧ್ಯಾಯ ಮುಂದೆ ಹೋಗಿ ನೋಡಿ. 20:47ರಲ್ಲಿ ಯೇಸುಸ್ವಾಮಿ ಶಾಸ್ತ್ರಿಗಳ, ಅಂದರೆ ಯೆಹೂದ್ಯರ ಧರ್ಮಶಾಸ್ತ್ರ ಕಲಿಸುವವರ ಬಗ್ಗೆ ಎಚ್ಚರಿಸುತ್ತಾರೆ. ಅವರು ವಿಧವೆಯರ ಮನೆಗಳನ್ನು ನುಂಗುತ್ತಾರೆ, ನಟನೆಗೆ ಉದ್ದುದ್ದ ಪ್ರಾರ್ಥನೆ ಮಾಡುತ್ತಾರೆ. ಉದ್ದದ ಪ್ರಾರ್ಥನೆಯೂ ವಿಧವೆಯ ಮನೆಯೂ ಒಂದೇ ವಚನದಲ್ಲಿ! ಅದಾದ ಕೂಡಲೇ ಮುಂದಿನ ಅಧ್ಯಾಯದ ಶುರುವಿನಲ್ಲಿ ಎರಡು ಕಾಸು ಹಾಕಿದ ಬಡ ವಿಧವೆ ಬರುತ್ತಾಳೆ. ಹಳೆಯ ಒಡಂಬಡಿಕೆಯ ಪ್ರವಾದಿ ಯೆಶಾಯನ ಮೊದಲ ಅಧ್ಯಾಯ ಇನ್ನೂ ಖಾರ. ನೀವು ಎಷ್ಟು ಪ್ರಾರ್ಥನೆ ಮಾಡಿದರೂ ನಾನು ಕೇಳುವುದಿಲ್ಲ, ಅನಾಥನಿಗೆ ನ್ಯಾಯ ತೀರಿಸಿರಿ, ವಿಧವೆಯ ಪರ ವಾದಿಸಿರಿ ಅನ್ನುತ್ತಾನೆ ದೇವರು.

ಈ ಸಾಮ್ಯ ಓದುವಾಗ ನಾವೆಲ್ಲ ವಿಧವೆಯ ಜಾಗದಲ್ಲಿ ನಿಂತುಕೊಳ್ಳುತ್ತೇವೆ. ಆದರೆ ನಮ್ಮ ಓಣಿಯಲ್ಲಿರುವ ನಿಜವಾದ ವಿಧವೆಯ ಪಾಲಿಗೆ ನಾವು ಆ ನ್ಯಾಯಾಧಿಪತಿ ಆಗಿಬಿಟ್ಟಿದ್ದೇವಾ? ಅವಳು ಬಂದು ಬಂದು ದಣಿದ ಬಾಗಿಲು ನಮ್ಮದೇನಾ? ನಿಮ್ಮ ಸಭೆಗಳಲ್ಲಿ ಇದು ಹೇಗಿದೆ, ಬರೆಯಿರಿ.

ದಾವಣಗೆರೆ ಅಕ್ಕ

ಟೀಚರ್, ನೀವು ಬರೆದದ್ದು ಸರಿ. ಆದರೂ ನನಗೆ ಒಂದು ಸಂಕಟ ಇದೆ. ಬಿಡದೆ ಪ್ರಾರ್ಥಿಸುವುದನ್ನು ಬಿಟ್ಟರೆ ಬೇರೆ ದಾರಿಯೇ ಇಲ್ಲದವರು ಇದ್ದಾರೆ. ಅವರಿಂದ ಈ ಸಾಮ್ಯವನ್ನು ಕಿತ್ತುಕೊಳ್ಳಬೇಡಿ. ನನ್ನ ಗಂಡ ಕುಡಿಯುತ್ತಿದ್ದ ಕಾಲದಲ್ಲಿ ನಾನು ಯಾವ ಕಚೇರಿಗೆ ಹೋಗಬೇಕಿತ್ತು? ಯಾರ ಹತ್ತಿರ ನ್ಯಾಯ ಕೇಳಬೇಕಿತ್ತು? ತವರಿನವರು ಹೊಂದಿಕೊಂಡು ಹೋಗು ಅಂದರು. ರಾತ್ರಿ ಮಕ್ಕಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ಮಂಡಿಯೂರುವುದೊಂದೇ ನನ್ನ ಕೈಲಿದ್ದದ್ದು. ಆಗ ಈ ಎಂಟು ವಚನಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಅನ್ಯಾಯದ ನ್ಯಾಯಾಧಿಪತಿಯೇ ಕೇಳಿದ ಮೇಲೆ ನನ್ನ ತಂದೆ ಕೇಳುವುದಿಲ್ಲವಾ ಅನ್ನುವ ಧೈರ್ಯ ಅದು.

ಇನ್ನೊಂದು ಮಾತು. ಸಮಾಜಸೇವೆ ಮಾಡುವವರು ಕೆಲವೊಮ್ಮೆ ಪ್ರಾರ್ಥನೆಯನ್ನು ಹಗುರ ಮಾಡಿ ಮಾತಾಡುತ್ತಾರೆ. ಸುಮ್ನೆ ಕಣ್ಣು ಮುಚ್ಚಿ ಕೂತರೆ ಏನಾಗುತ್ತೆ ಅಂತ. ಹಾಗೆ ಹೇಳುವವರು ಬೇರೆ ಗತಿಯಿಲ್ಲದೆ ಕಣ್ಣು ಮುಚ್ಚಿ ಕೂತವರನ್ನು ನೋಡಿಲ್ಲ.

ಗದಗಿನ ಟೀಚರ್

ಅಕ್ಕಾ, ಆ ಸಾಮ್ಯ ನಿಮ್ಮದೇ. ಅದನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಅಡುಗೆಮನೆಯಲ್ಲಿ ಮಂಡಿಯೂರಿದ ನೀವೇ ಆ ವಿಧವೆ. ನನ್ನ ಪ್ರಶ್ನೆ ಇರುವುದು ನಿಮ್ಮ ಪಕ್ಕದ ಬೆಂಚಿನಲ್ಲಿ ಕೂತವರಿಗೆ. ಭಾನುವಾರ ಆರಾಧನೆಯಲ್ಲಿ ನಿಮ್ಮ ಮುಖ ನೋಡಿ ಗೊತ್ತಾದರೂ, ನಿಮಗೋಸ್ಕರ ಪ್ರಾರ್ಥಿಸುತ್ತೇನೆ ಅಂತ ಹೇಳಿ ಮನೆಗೆ ಹೋದವರಿಗೆ. ಯಾಕೋಬನ ಪತ್ರಿಕೆ ಎರಡನೇ ಅಧ್ಯಾಯದಲ್ಲಿ ಇದೇ ಇದೆಯಲ್ಲ. ಊಟ ಬಟ್ಟೆ ಇಲ್ಲದವರಿಗೆ ಸಮಾಧಾನದಿಂದ ಹೋಗಿ, ಬೆಚ್ಚಗಿರಿ, ಹೊಟ್ಟೆ ತುಂಬಿಸಿಕೊಳ್ಳಿ ಅಂತ ಬರೀ ಬಾಯಲ್ಲಿ ಹೇಳುವವರು.

ಕಂಕನಾಡಿ ನರ್ಸ್

ನಾನು ಕಥೋಲಿಕಳು. ನಮ್ಮಲ್ಲಿ ಬಿಡದೆ ಪ್ರಾರ್ಥಿಸುವುದು ಅಂದರೆ ಜಪಸರ, ನೊವೇನಾ. ಒಂಬತ್ತು ದಿನ ಒಂದೇ ಬೇಡಿಕೆ. ಸಂತ ಮೋನಿಕಾ ತನ್ನ ಮಗ ಅಗಸ್ಟೀನನಿಗಾಗಿ ವರ್ಷಗಟ್ಟಲೆ ಅತ್ತು ಪ್ರಾರ್ಥಿಸಿದ ಕಥೆ ನಮ್ಮ ತಾಯಂದಿರಿಗೆಲ್ಲ ಬಾಯಿಪಾಠ. ಆತ 387ರಲ್ಲಿ ಮಿಲಾನಿನಲ್ಲಿ ದೀಕ್ಷಾಸ್ನಾನ ಪಡೆದ. ಅದೇ ವರ್ಷ ಆಕೆ ತೀರಿಕೊಂಡಳು.

ನಾನು ಹೇಳಬೇಕೆಂದಿರುವುದು ನಮ್ಮೂರಿನ ವಿಷಯ. ಫಾದರ್ ಅಗಸ್ಟಸ್ ಮುಲ್ಲರ್ ಜರ್ಮನಿ ಮೂಲದ ಜೆಸ್ವಿಟ್ ಪಾದ್ರಿ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಕೊಡಲು ಶುರು ಮಾಡಿದರು. ಒಂದು ಆಲದ ಮರದ ಕೆಳಗೆ ಶುರುವಾಯಿತು ಅಂತ ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ಮಾಡಿದರು. ಆ ಕಾಲದಲ್ಲಿ ಈ ರೋಗ ಬಂದವರನ್ನು ಮನೆಯವರೇ ಹೊರಗೆ ಹಾಕುತ್ತಿದ್ದರು. ಗುಣಪಡಿಸುವ ಔಷಧವೂ ಆಗ ಇರಲಿಲ್ಲ. ಅಂದರೆ ಇವರಿಗೆ ಗುಣವಾಗುವುದಿಲ್ಲ ಅಂತ ಗೊತ್ತಿದ್ದೂ ಗಾಯ ತೊಳೆದು ಬ್ಯಾಂಡೇಜ್ ಕಟ್ಟುವುದು, ನಾಳೆ ಮತ್ತೆ ಬಿಚ್ಚಿ ತೊಳೆಯುವುದು. ಬೇಸರಪಡದೆ ಪ್ರಾರ್ಥಿಸಿ ಅನ್ನುವುದಕ್ಕೆ ನನಗೆ ಗೊತ್ತಿರುವ ಅರ್ಥ ಇದೇ. ನೈಟ್ ಡ್ಯೂಟಿಯಲ್ಲಿ ಹಾಸಿಗೆ ಹಿಡಿದ ಅಜ್ಜಿಯರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವಾಗ ನಾನು ಒಂದೊಂದು ನಮೋ ಮರಿಯಾ (ಮಾತೆ ಮರಿಯಮ್ಮನಿಗೆ ಹೇಳುವ ಪ್ರಾರ್ಥನೆ) ಹೇಳುತ್ತೇನೆ. ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಪ್ರಾರ್ಥನೆ ಯಾವುದು, ಕೆಲಸ ಯಾವುದು ಅಂತ ಆಗ ನನಗೆ ಬೇರೆ ಮಾಡಲು ಬರುವುದಿಲ್ಲ.

(ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್ ಬೇರೆ, ನಮ್ಮ ಫಾದರ್ ಮುಲ್ಲರ್ ಬೇರೆ. ವಾಟ್ಸಾಪ್ ಮೆಸೇಜುಗಳಲ್ಲಿ ಇಬ್ಬರನ್ನೂ ಒಂದು ಮಾಡಿಬಿಡುತ್ತಾರೆ.)

ಮೈಸೂರಿನ ಓದುಗ

ನಾನು ಕ್ರೈಸ್ತನಲ್ಲ, ಆದರೂ ಇಲ್ಲಿ ಬರೆಯಬಹುದು ಅಂದುಕೊಂಡಿದ್ದೇನೆ. ನಿಮ್ಮ ಮಾತುಗಳನ್ನು ಗೌರವದಿಂದಲೇ ಓದಿದೆ. ನಮ್ಮ ಮನೆಯಲ್ಲೂ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರಿದ್ದಾರೆ. ಆದರೆ ಒಂದು ಪ್ರಶ್ನೆ ಬಹಳ ಜನರ ಮನಸ್ಸಿನಲ್ಲಿದೆ, ಅದನ್ನು ನೇರವಾಗಿ ಕೇಳುತ್ತೇನೆ. ಕಷ್ಟದಲ್ಲಿರುವವರಿಗೆ ಮಾಡುವ ಸಹಾಯದ ಹಿಂದೆ ಅವರು ಮತ ಬದಲಿಸಲಿ ಅನ್ನುವ ಲೆಕ್ಕ ಇದ್ದರೆ ಅದನ್ನು ಕರುಣೆ ಅನ್ನಬಹುದಾ?

ನಿವೃತ್ತ ಸಭಾಪಾಲಕ, ಧಾರವಾಡ

ಸರ್, ಕೇಳಿದ್ದು ಒಳ್ಳೆಯದಾಯಿತು. ಲೆಕ್ಕ ಇದ್ದರೆ ಅದು ಕರುಣೆ ಅಲ್ಲ. ಟೀಚರ್ ಹೇಳಿದ ಸಾಮ್ಯದ ಹಿಂದಿನ ಅಧ್ಯಾಯದಲ್ಲೇ, ಲೂಕ 17ರಲ್ಲಿ, ಹತ್ತು ಮಂದಿ ಕುಷ್ಠರೋಗಿಗಳು ಗುಣವಾಗುತ್ತಾರೆ. ತಿರುಗಿ ಬಂದು ಕೃತಜ್ಞತೆ ಹೇಳಿದವನು ಒಬ್ಬನೇ, ಅವನೂ ಯೆಹೂದ್ಯರು ಹೊರಗಿನವನೆಂದು ಕಾಣುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಸ್ವಾಮಿ ಕೇಳುತ್ತಾರೆ. ಆದರೆ ಅವರ ರೋಗ ತಿರುಗಿ ಬರಲಿಲ್ಲ. ಕೊಟ್ಟದ್ದನ್ನು ಸ್ವಾಮಿ ವಾಪಸ್ ತೆಗೆದುಕೊಳ್ಳಲಿಲ್ಲ. ನಾವು ನಡೆಯಬೇಕಾದದ್ದು ಹಾಗೆ. ನಡೆಯದವರೂ ನಮ್ಮಲ್ಲಿ ಇದ್ದಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ.

ನಿಮ್ಮ ಪ್ರಶ್ನೆಯನ್ನು ಮೈಮೇಲೆ ಎಳೆದುಕೊಂಡು ಬದುಕಿದ ಒಬ್ಬ ತಾಯಿ ಇದ್ದರು. ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರು ಅಂತ ಎಲ್ಲರಿಗೂ ಗೊತ್ತು. ಆದರೆ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳದ ಕಡೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಸುತ್ತಲಿನವರ ವಿರೋಧ ಕಟ್ಟಿಕೊಂಡವರು. ಆ ತಾಯಿ ಮಗಳಿಗೆ ಕಲಿಸಿದಳು. ಆಮೇಲೆ ಇಡೀ ಕುಟುಂಬ ಪುರಾಣ ಓದುತ್ತಾ ತೀರ್ಥಯಾತ್ರೆಯಲ್ಲಿ ಊರೂರು ನಡೆಯಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದ ಅಣ್ಣನೂ ಮುಂದೆ ಹೋದ. 1880ರಲ್ಲಿ ಮದುವೆಯಾದರು. 1882ರಲ್ಲಿ ಗಂಡ ಕಾಲರಾದಿಂದ ಸತ್ತರು. ಕೈಯಲ್ಲಿ ಪುಟ್ಟ ಮಗಳು ಮನೋರಮಾ. ಹಸಿವು ಏನು, ವಿಧವೆತನ ಏನು ಅಂತ ಈಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ಲಂಡನ್ನಿನ ಫುಲಮ್‌ನಲ್ಲಿ ಕ್ರೈಸ್ತ ಸನ್ಯಾಸಿನಿಯರ ಒಂದು ಮನೆ. ಸಮಾಜ ದಾರಿ ತಪ್ಪಿದವರು ಅಂತ ದೂಡಿದ ಹೆಂಗಸರನ್ನು ಅವರು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಇವರ ಮೇಲೆ ನಿಮಗೆ ಯಾಕೆ ಇಷ್ಟು ಕರುಣೆ ಎಂದು ರಮಾಬಾಯಿ ಕೇಳಿದರು. ಒಬ್ಬ ಸಿಸ್ಟರ್ ಯೋಹಾನ 4ರಲ್ಲಿ ಬರುವ ಸಮಾರ್ಯದ ಹೆಂಗಸಿನ ಕಥೆ ಓದಿ ಹೇಳಿದರು. ಇದನ್ನು ರಮಾಬಾಯಿಯೇ ತಮ್ಮ ಸಾಕ್ಷಿಯಲ್ಲಿ ಬರೆದಿದ್ದಾರೆ. ಅದೇ ವರ್ಷ ದೀಕ್ಷಾಸ್ನಾನ ಪಡೆದರು. ಕರುಣೆ ಮೊದಲು ಕಂಡಿತು, ಕ್ರಿಸ್ತ ಆಮೇಲೆ ಕಂಡರು.

1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆದರು. ಮುಂದಿನ ವರ್ಷ ಅದು ಪುಣೆಗೆ ಬಂತು. ಬಾಲವಿಧವೆಯರಿಗೆ ಶಾಲೆ. ಯಾರ ಧರ್ಮಕ್ಕೂ ಕೈಹಾಕುವುದಿಲ್ಲ ಎಂಬ ಮಾತಿನ ಮೇಲೆ ಅದು ಶುರುವಾಯಿತು. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಪ್ರಾರ್ಥಿಸುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. 1893ರಲ್ಲಿ ಪುಣೆಯಲ್ಲಿ ದೊಡ್ಡ ವಿವಾದವೇ ಎದ್ದಿತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಂಡಾರ್ಕರ್ ಅಂಥ ದೊಡ್ಡವರೂ ಹೊರಬಂದರು. ಹಲವರು ತಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದರು. ಅವರ ಸಿಟ್ಟಿಗೂ ಕಾರಣ ಇತ್ತು ಅನ್ನುವುದನ್ನು ನಾನು ಒಪ್ಪುತ್ತೇನೆ. ಕೊಟ್ಟ ಮಾತಿನ ಗಡಿ ಎಲ್ಲಿದೆ ಅನ್ನುವುದು ನ್ಯಾಯವಾದ ಪ್ರಶ್ನೆಯೇ.

ಮುಂದೆ 1896-97ರ ಬರ. ಮಧ್ಯಪ್ರಾಂತ್ಯದ ಹಳ್ಳಿಗಳಿಂದ ಹಸಿದ ಹೆಣ್ಣುಮಕ್ಕಳನ್ನು, ಬಾಲವಿಧವೆಯರನ್ನು ರಮಾಬಾಯಿಯೇ ಹೋಗಿ ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧ. ಹಾಗಾಗಿ ಪುಣೆಯ ಹೊರಗಿನ ಕೇಡಗಾಂವ್‌ನ ಹೊಲದಲ್ಲೇ ಇರಿಸಿದರು. ಅದೇ ಮುಕ್ತಿ ಎಂಬ ಆಶ್ರಯಧಾಮ. 1900ರ ಬರದ ಹೊತ್ತಿಗೆ ಅಲ್ಲಿದ್ದವರು ಎರಡು ಸಾವಿರದ ಹತ್ತಿರ. ಬಾವಿ ತೋಡಿದರು, ನೇಯ್ಗೆ, ಎಣ್ಣೆ ತೆಗೆಯುವುದು, ಹೈನುಗಾರಿಕೆ, ಮುದ್ರಣ, ಎಲ್ಲವನ್ನೂ ಹೆಂಗಸರಿಗೆ ಕಲಿಸಿದರು. ಕುರುಡು ಹೆಂಗಸರಿಗೆ ಬ್ರೈಲ್ ಕಲಿಸಿದರು. ಕಲಬುರಗಿಯಲ್ಲೂ ಒಂದು ಶಾಲೆ ತೆರೆದರು, ಅದನ್ನು ಮಗಳು ಮನೋರಮಾ ನೋಡಿಕೊಂಡರು.

ಪ್ರಾರ್ಥನೆಗೆ ಬರುತ್ತೇನೆ. ಕಂಕನಾಡಿ ಸಿಸ್ಟರ್ ಹೇಳಿದ ಆ ಇನ್ನೊಬ್ಬ ಮುಲ್ಲರ್, ಬ್ರಿಸ್ಟಲ್ಲಿನ ಜಾರ್ಜ್ ಮುಲ್ಲರ್, 1836ರಲ್ಲಿ ಮೊದಲ ಅನಾಥಾಲಯ ತೆರೆದವರು. ಯಾರ ಹತ್ತಿರವೂ ಹಣ ಕೇಳುವುದಿಲ್ಲ, ದೇವರ ಹತ್ತಿರ ಮಾತ್ರ ಕೇಳುತ್ತೇನೆ ಅಂದುಕೊಂಡು, 1898ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಾಕಿದ್ದರು. ರಮಾಬಾಯಿ ಅವರ ಬಗ್ಗೆ ಓದಿ ಧೈರ್ಯ ಪಡೆದರು. 1905ರ ಜನವರಿಯಲ್ಲಿ, ದಿನಾ ಸೇರಿ ಪ್ರಾರ್ಥಿಸಲು ಯಾರು ಬರುತ್ತೀರಿ ಎಂದು ಮುಕ್ತಿಯಲ್ಲಿ ಕೇಳಿದಾಗ 70 ಮಂದಿ ಎದ್ದರು. ಜೂನ್ ಹೊತ್ತಿಗೆ ಅದು 550 ಆಗಿತ್ತು, ದಿನಕ್ಕೆ ಎರಡು ಸಲ. ಆ ವರ್ಷ ಅಲ್ಲಿ ಆದ ಉಜ್ಜೀವನದ, ಅಂದರೆ ನಂಬಿಕೆ ಹೊಸದಾಗಿ ಚಿಗುರಿದ ಕಥೆಯನ್ನು ನಮ್ಮ ಕನ್ವೆನ್ಷನ್‌ಗಳಲ್ಲಿ ಈಗಲೂ ಹೇಳುತ್ತಾರೆ. ಆದರೆ ಹೇಳುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಆ 550 ಮಂದಿ ಯಾರು? ಬರದಲ್ಲಿ ಸಾಯಬೇಕಿದ್ದವರು. ಗಂಡ ಸತ್ತ ಮಕ್ಕಳು. ಅವರನ್ನು ಎತ್ತಿ ತಂದ ಕೈಗಳಿಲ್ಲದೆ ಆ ಪ್ರಾರ್ಥನೆಯೇ ಇರುತ್ತಿರಲಿಲ್ಲ. ಉಜ್ಜೀವನ ಬೇಕು ಬೇಕು ಅಂತ ಕೂಗುವ ನಾವು ಆ ಮೊದಲಿನ ಹತ್ತು ವರ್ಷದ ಕೆಲಸವನ್ನು ನೋಡುವುದೇ ಇಲ್ಲ.

ಮೈಸೂರಿನ ಓದುಗ

ಧನ್ಯವಾದ ಸರ್. ಎಲ್ಲವನ್ನೂ ಒಪ್ಪುತ್ತೇನೆ ಅಂತಲ್ಲ. 1893ರ ವಿಷಯವನ್ನು ನೀವು ಮುಚ್ಚಿಡದೆ ಹೇಳಿದ್ದು ಇಷ್ಟವಾಯಿತು. ಗಂಗಾಮೂಲಕ್ಕೂ ಆಕೆಗೂ ನಂಟು ಇದೆ ಅಂತ ಗೊತ್ತಿರಲಿಲ್ಲ.

ಹಾಸನದವನು

ಇಷ್ಟು ಹೊತ್ತು ಓದುತ್ತಿದ್ದೆ. ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ.

ನಮ್ಮ ಮಗಳಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಇಡೀ ಸಭೆ ಪ್ರಾರ್ಥಿಸಿತು. ಸರದಿ ಹಾಕಿಕೊಂಡು ರಾತ್ರಿಯೆಲ್ಲ ಪ್ರಾರ್ಥಿಸಿದರು. ಆ ವಿಧವೆಗಿಂತ ಕಡಿಮೆ ಏನೂ ನಾವು ಕೇಳಲಿಲ್ಲ. ಮಗಳು ಉಳಿಯಲಿಲ್ಲ. ಸಮಾಧಿ ಮಾಡಿ ಬಂದ ವಾರವೇ ಒಬ್ಬರು ಮನೆಗೆ ಬಂದು, ಎಲ್ಲೋ ನಂಬಿಕೆಯಲ್ಲಿ ಕೊರತೆ ಆಗಿರಬೇಕು, ಮನೆಯಲ್ಲಿ ಅಡಗಿಸಿಟ್ಟ ಪಾಪ ಏನಾದರೂ ಇದೆಯಾ ನೋಡಿಕೊಳ್ಳಿ ಅಂದರು. ನನ್ನ ಹೆಂಡತಿ ಅವತ್ತಿನಿಂದ ಚರ್ಚಿಗೆ ಬಂದಿಲ್ಲ. ನಾನು ಹೋಗುತ್ತೇನೆ, ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಬಿಡದೆ ಪ್ರಾರ್ಥಿಸಿ ಅನ್ನುವ ಪ್ರಸಂಗ ಬಂದ ದಿನ ಎದ್ದು ಹೊರಗೆ ನಿಲ್ಲುತ್ತೇನೆ. ನಮ್ಮಂಥವರಿಗೆ ಈ ಸಾಮ್ಯದಲ್ಲಿ ಜಾಗ ಎಲ್ಲಿದೆ, ಹೇಳಿ.

ದಾವಣಗೆರೆ ಅಕ್ಕ

ಅಣ್ಣಾ, ಓದಿ ಕಣ್ಣು ತುಂಬಿತು. ಆ ಮಾತು ಹೇಳಿದವರನ್ನು ದೇವರು ಕಳಿಸಿರಲಿಲ್ಲ. ನನ್ನ ಗಂಡ ಕುಡಿತ ಬಿಟ್ಟರು. ಪಕ್ಕದ ಮನೆಯವಳೂ ನನ್ನಷ್ಟೇ ಪ್ರಾರ್ಥಿಸಿದಳು, ಅವಳ ಗಂಡ ಲಿವರ್ ಹೋಗಿ ಸತ್ತರು. ನನ್ನ ನಂಬಿಕೆ ದೊಡ್ಡದು, ಅವಳದ್ದು ಚಿಕ್ಕದು ಅಂತ ಹೇಳಲು ನನಗೆ ಯಾವತ್ತೂ ಬಾಯಿ ಬರಲಿಲ್ಲ. ನಿಮ್ಮ ಹೆಂಡತಿಗೆ ನನ್ನ ವಂದನೆ ಹೇಳಿ. ಅವರು ಚರ್ಚಿಗೆ ಬರದೇ ಇರುವುದೂ ದೇವರಿಗೆ ಕೇಳುತ್ತಿರುವ ಒಂದು ಮೊರೆಯೇ ಅಂತ ನನಗನ್ನಿಸುತ್ತದೆ.

ನಿವೃತ್ತ ಸಭಾಪಾಲಕ, ಧಾರವಾಡ

ತಮ್ಮಾ, ನಿನ್ನ ಮಗಳು ಯಾಕೆ ಉಳಿಯಲಿಲ್ಲ ಎಂಬುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಉತ್ತರ ಇದೆ ಅನ್ನುವವರ ಹತ್ತಿರ ಹೋಗಬೇಡ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ನಮ್ಮ ಸ್ವಾಮಿ, ಈ ಸಂಕಟದ ಪಾತ್ರೆ ನನ್ನಿಂದ ತಪ್ಪಲಿ ಎಂದು ಮೂರು ಸಲ ಅದೇ ಮಾತುಗಳಿಂದ ಪ್ರಾರ್ಥಿಸಿದರು ಎಂದು ಮತ್ತಾಯ ಬರೆದಿದ್ದಾನೆ. ಆ ಪಾತ್ರೆ ತಪ್ಪಲಿಲ್ಲ. ಅಪೊಸ್ತಲ ಪೌಲನೂ ತನ್ನ ಶರೀರದ ಮುಳ್ಳು, ಅಂದರೆ ಕಾಡುತ್ತಿದ್ದ ಒಂದು ಬಾಧೆ, ಹೋಗಲಿ ಎಂದು ಮೂರು ಸಲ ಬೇಡಿದ, ಹೋಗಲಿಲ್ಲ. ಅವರಿಗೆ ನಂಬಿಕೆ ಕಮ್ಮಿ ಇತ್ತು ಅನ್ನುವ ಧೈರ್ಯ ಯಾರಿಗಿದೆ? ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಮೊದಲ ಏಳು ದಿನ ಅವನ ಪಕ್ಕ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಕೆಟ್ಟಿತು.

ಸಾಮ್ಯದಲ್ಲಿ ನಿನಗೆ ಜಾಗ ಇದೆ. ಆ ವಿಧವೆ ಬರುತ್ತಲೇ ಇದ್ದ ದಿನಗಳಲ್ಲಿ. ನ್ಯಾಯ ಸಿಕ್ಕ ದಿನ ಒಂದೇ ವಚನ. ಅದಕ್ಕೂ ಮುಂಚೆ ಬಹಳ ಕಾಲ ಅವನು ಒಪ್ಪಲಿಲ್ಲ ಎಂದು ಬರೆದಿದೆ. ನೀನೂ ನಿನ್ನ ಹೆಂಡತಿಯೂ ಇರುವುದು ಅಲ್ಲಿ. ನಿನಗೆ ಇಷ್ಟವಿದ್ದರೆ ನಾನು ಹಾಸನಕ್ಕೆ ಬಂದು ನಿಮ್ಮ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದು ಹೋಗುತ್ತೇನೆ. ಪ್ರಸಂಗ ಮಾಡುವುದಿಲ್ಲ.

ಹಾಸನದವನು

ಬನ್ನಿ ಅಯ್ಯನವರೇ. ಅವಳ ಹತ್ತಿರ ಕೇಳಿ ಮೆಸೇಜ್ ಮಾಡುತ್ತೇನೆ.

ಕೊಪ್ಪಳದ ಕಂಪ್ಯೂಟರ್ ಸೆಂಟರ್

ಟೀಚರ್ ಕೇಳಿದ ಪ್ರಶ್ನೆಗೆ ನನ್ನ ಕೆಲಸದ ಕಡೆಯಿಂದ ಹೇಳುತ್ತೇನೆ. ನನ್ನ ಅಂಗಡಿಗೆ ವಿಧವಾ ವೇತನದ ಅರ್ಜಿ ಹಾಕಲು ಹೆಂಗಸರು ಬರುತ್ತಾರೆ. ಆ ನ್ಯಾಯಾಧಿಪತಿಯನ್ನು ನೋಡಲು ಬೈಬಲ್ ಕಾಲಕ್ಕೆ ಹೋಗಬೇಕಾಗಿಲ್ಲ. ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಮೂರನೆಯದು. ಇವತ್ತು ಸರ್ವರ್ ಇಲ್ಲ, ನಾಳೆ ಬಾ. ನಾಳೆ ಹೋದರೆ ಸಾಹೇಬರು ಮೀಟಿಂಗಿನಲ್ಲಿ. ಕೂಲಿ ಬಿಟ್ಟು ಬಸ್ ಹಿಡಿದು ಬಂದವರು ಸಂಜೆ ತನಕ ಕಾದು ವಾಪಸ್ ಹೋಗುತ್ತಾರೆ. ಒಂದಷ್ಟು ಸಲ ಆದ ಮೇಲೆ ನಮ್ಮ ಹಣೆಬರಹ ಅಂತ ಕೈಬಿಡುತ್ತಾರೆ.

ಆದರೆ ಜೊತೆಯಲ್ಲಿ ಓದು ಬಂದವರು ಒಬ್ಬರು ಹೋದರೆ ಅದೇ ಕಚೇರಿಯಲ್ಲಿ ಅದೇ ಕೆಲಸ ಬೇಗ ಆಗುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾತಾಡುವುದೇ ಬೇಡ, ಪಕ್ಕದಲ್ಲಿ ನಿಂತರೆ ಸಾಕು. ನಮ್ಮ ಸಭೆಯ ಯುವಜನರಿಗೆ ಈ ಕೆಲಸ ಹಚ್ಚಿದ್ದೇವೆ. ಹೊರಡುವ ಮುಂಚೆ ಆ ಅಮ್ಮನ ಜೊತೆ ಪ್ರಾರ್ಥಿಸುತ್ತಾರೆ, ಆಕೆಗೆ ಬೇಕಿದ್ದರೆ ಮಾತ್ರ. ನಮ್ಮ ಸಭೆಯವರೇ ಆಗಬೇಕು ಅಂತಿಲ್ಲ, ಓಣಿಯ ಯಾರಾದರೂ ಸರಿ.

ದಾವಣಗೆರೆ ಅಕ್ಕ

ಇದು ನನಗೆ ತುಂಬಾ ಇಷ್ಟವಾಯಿತು ತಮ್ಮಾ. ಒಂದು ವಿಷಯ ಸೇರಿಸುತ್ತೇನೆ. ಕೂಟಗಳಲ್ಲಿ ಪ್ರಾರ್ಥನೆ ಬೇಡಿಕೆ ಓದುವಾಗ ಹೆಸರು ಹೇಳಿ, ಇಂಥವಳ ಗಂಡ ಕುಡಿಯುತ್ತಾನೆ, ಇಂಥವಳ ಮೈದುನ ಹೊಲ ಬರೆಸಿಕೊಂಡಿದ್ದಾನೆ ಅಂತ ಮೈಕಿನಲ್ಲಿ ಹೇಳುತ್ತಾರೆ. ನನ್ನ ಮನೆಯ ಕಥೆ ನನ್ನ ಮಗಳಿಗೆ ಶಾಲೆಯಲ್ಲಿ ಬೇರೆ ಮಕ್ಕಳಿಂದ ಗೊತ್ತಾಯಿತು. ಅವತ್ತು ಅವಳು ಅತ್ತದ್ದು ನನಗೆ ಮರೆಯುವುದಿಲ್ಲ. ಕಷ್ಟದಲ್ಲಿರುವವರ ಮಾನವನ್ನೂ ಕಾಯಬೇಕು ಅಲ್ವಾ?

ಗದಗಿನ ಟೀಚರ್

ಖಂಡಿತ ಅಕ್ಕಾ. ಸ್ತ್ರೀಯರ ಕೂಟದಲ್ಲಿ ಇದನ್ನು ಎತ್ತುತ್ತೇನೆ. ಮೊದಲು ಅವರನ್ನೇ ಕೇಳಬೇಕು, ಹೆಸರು ಹೇಳಬಹುದಾ ಅಂತ. ಬೇಡ ಅಂದರೆ ಹೆಸರಿಲ್ಲದೆ ಪ್ರಾರ್ಥಿಸಬಹುದು. ದೇವರಿಗೆ ವಿಳಾಸ ಬೇಕಾಗಿಲ್ಲ. ಹಾಗೆಯೇ ಪ್ರತಿ ಬೇಡಿಕೆಯ ಮುಂದೆ ಇದಕ್ಕೆ ಯಾರು ಹೋಗಿ ಬರುತ್ತಾರೆ ಅಂತ ಕೇಳುವ ಪದ್ಧತಿ ತರಬೇಕು. ಎಲ್ಲದಕ್ಕೂ ಹೋಗಲು ಆಗುವುದಿಲ್ಲ, ಆಗುವಷ್ಟಕ್ಕೆ.

ಕೊಪ್ಪಳದ ತಮ್ಮಾ, ವಿಧವಾ ವೇತನಕ್ಕೆ ಏನೇನು ಕಾಗದ ಬೇಕು ಅಂತ ಇಲ್ಲೇ ಬರೆದರೆ ಉಪಕಾರವಾಗುತ್ತದೆ. ನಮ್ಮ ಓಣಿಯಲ್ಲಿ ಇಬ್ಬರು ಇದ್ದಾರೆ.

ಕೊಪ್ಪಳದ ಕಂಪ್ಯೂಟರ್ ಸೆಂಟರ್

ಬರೆಯುತ್ತೇನೆ ಟೀಚರ್. ಆಧಾರ್, ರೇಷನ್ ಕಾರ್ಡ್, ಆಧಾರ್ ಜೋಡಿಸಿದ ಬ್ಯಾಂಕ್ ಅಥವಾ ಪೋಸ್ಟಾಫೀಸ್ ಖಾತೆ, ಆದಾಯ ಪ್ರಮಾಣಪತ್ರ, ಗಂಡನ ಮರಣ ಪ್ರಮಾಣಪತ್ರ. ಅರ್ಜಿ ನಾಡಕಚೇರಿಯಲ್ಲಿ ಹಾಕಬೇಕು. ಹೋಗುವ ಮುಂಚೆ ಎಲ್ಲ ಕಾಗದದಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಮೊದಲು ಆಧಾರ್ ಸರಿ ಮಾಡಿಸಿ, ಬಾಕಿಯದು ಆಮೇಲೆ.

ದೊಡ್ಡ ತೊಡಕು ಮರಣ ಪ್ರಮಾಣಪತ್ರದ್ದು. ಹಳ್ಳಿಗಳಲ್ಲಿ ಬಹಳ ಜನ ಸಾವನ್ನು ನೋಂದಣಿಯೇ ಮಾಡಿಸಿರುವುದಿಲ್ಲ. ಸತ್ತು ಒಂದು ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ, ಓಡಾಟ ಜಾಸ್ತಿ. ನಿಮ್ಮ ಓಣಿಯ ಇಬ್ಬರಲ್ಲಿ ಯಾರಿಗಾದರೂ ಹಾಗಿದ್ದರೆ ಅವರ ಕೇಸನ್ನೇ ಮೊದಲು ಹಿಡಿಯಿರಿ. ಕಾಗದಗಳ ಫೋಟೋ ಇಲ್ಲಿ ಹಾಕಬೇಡಿ, ನನಗೆ ಖಾಸಗಿಯಾಗಿ ಕಳಿಸಿ. ನೋಡಿ ಹೇಳುತ್ತೇನೆ.